ಪ್ರತಿಕ್ರಿಯೆ: ಹುಣ್ಣಿಮೆ ಬಿಡಿ, ಪಂಚಮಿ-ಷಷ್ಠಿಗೆ ನೋಡಿ

114 ಮಿ.ಮೀ. ಅಗಲದ ಕನ್ನಡಿಯಿರುವ ನ್ಯೂಟೋನಿಯನ್ ಟೆಲಿಸ್ಕೋಪಿನಲ್ಲಿ ಹುಣ್ಣಿಮೆ ಚಂದ್ರನ ಕುಳಿಗಳು ಚಪ್ಪಟೆಯಾಗಿ ಕಾಣುತ್ತವೆ, ಚಿತ್ರ ಬಿಡಿಸುವುದು ಹೇಗೆ ಅಂತ ಕೇಳಿದ್ದೀರಿ. ಟೆಲಿಸ್ಕೋಪಿನದ್ದೇನೂ ತಪ್ಪಿಲ್ಲ. ಹುಣ್ಣಿಮೆಯಲ್ಲಿ ನಾವು ನೋಡುವ ದಿಕ್ಕಿನಿಂದಲೇ ಬಿಸಿಲು ಬೀಳುತ್ತದೆ, ನೆರಳೇ ಕಾಣುವುದಿಲ್ಲ.

ಶುಕ್ಲ ಪಕ್ಷದ ಪಂಚಮಿ, ಷಷ್ಠಿ ಹೊತ್ತಿಗೆ ಸಂಜೆ ನೋಡಿ. ಬೆಳಕು ಕತ್ತಲು ಸೇರುವ ಗೆರೆಯ ಹತ್ತಿರ ಥಿಯೋಫಿಲಸ್ ಅನ್ನುವ ಕುಳಿ ಸಿಗುತ್ತದೆ. ಅಗಲ ಸುಮಾರು 100 ಕಿ.ಮೀ. ಸರಿಯಾದ ಹೊತ್ತಿಗೆ ನೋಡಿದರೆ ಒಳಗೆಲ್ಲ ಕಪ್ಪು, ನಡುವಿನ ಬೆಟ್ಟದ ತುದಿಗೆ ಮಾತ್ರ ಬಿಸಿಲು. ಅದರ ಗೋಡೆ ಪಕ್ಕದ ಸಿರಿಲಸ್ ಕುಳಿಯೊಳಕ್ಕೆ ನುಗ್ಗಿದೆ. ಅಂದರೆ ಥಿಯೋಫಿಲಸ್ ಆಮೇಲೆ ಆದದ್ದು ಅಂತ ನಮ್ಮ ಕಣ್ಣಿಗೇ ಗೊತ್ತಾಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಖುಷಿ ಕೊಡುವ ಜಾಗ ಅದು. ದಶಮಿ ಹೊತ್ತಿಗಾದರೆ 93 ಕಿ.ಮೀ. ಅಗಲದ ಕೋಪರ್ನಿಕಸ್ ಕುಳಿ ಚೆನ್ನಾಗಿರುತ್ತದೆ.

ಒಂದು ಸಲಕ್ಕೆ ಒಂದೇ ಕುಳಿ ಸಾಕು. 90 ಪಟ್ಟು ದೊಡ್ಡದಾಗಿ ಕಂಡರೆ ಧಾರಾಳವಾಯಿತು. ಕಾಗದದಲ್ಲಿ ಆರೇಳು ಸೆಂ.ಮೀ. ಅಗಲಕ್ಕೆ ಬರೆಯಿರಿ, ಚಿಕ್ಕದಾದರೆ ವಿವರ ಹಿಡಿಸಲ್ಲ. ಮೊದಲು ನೆರಳಿನ ಅಂಚನ್ನು ತೆಳುವಾಗಿ ಎಳೆದುಕೊಳ್ಳಿ. ಗಂಟೆಯೊಳಗೆ ನೆರಳು ಸರಿದಿರುತ್ತದೆ, ಆಗ ತಿದ್ದಲು ಹೋಗಬೇಡಿ. ಕಪ್ಪು ತುಂಬಲು 6ಬಿ ಪೆನ್ಸಿಲ್ ಒಳ್ಳೆಯದು. ಬಿಸಿಲು ಬಿದ್ದ ಗೋಡೆಗೆ ಪೆನ್ಸಿಲ್ ತಾಗಿಸಲೇಬೇಡಿ, ಕಾಗದದ ಬಿಳಿಯೇ ಅಲ್ಲಿ ಬೆಳಕು.

ಟೆಲಿಸ್ಕೋಪಿನಲ್ಲಿ ಚಂದ್ರ ತಲೆಕೆಳಗಾಗಿ ಕಂಡರೆ ಹಾಗೇ ಬರೆಯಿರಿ. ಪಕ್ಕದಲ್ಲಿ ಉತ್ತರ ದಿಕ್ಕು, ದಿನಾಂಕ, ಶುರು ಮಾಡಿದ ಸಮಯ ಗುರುತು ಹಾಕಿ. ಬರೆದದ್ದನ್ನು ಇಲ್ಲಿ ಹಾಕಿ, ನೋಡೋಣ.