ಗೋಡೆಯ ಮೇಲೆ ಏನಿರಬೇಕೆಂದು ನಿರ್ಧರಿಸುವವರು ಯಾರು?

ಮಾನ್ಯರೇ,

ಯುದ್ಧದಿಂದ ನೊಂದ ಮಕ್ಕಳು ಮತ್ತು ಯುವಜನರು ಊರವರೊಂದಿಗೆ ಸೇರಿ ಸಾರ್ವಜನಿಕ ಗೋಡೆಗಳ ಮೇಲೆ ಚಿತ್ರ ಬಿಡಿಸುವುದರ ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ನೀವು ಬರೆದ ಪತ್ರ ತಲುಪಿದೆ. ನಿಮ್ಮ ಆಕ್ಷೇಪಗಳು ಮೂರು. ಅನ್ನ, ಔಷಧಿ, ಶಾಲೆಗಳೇ ಸಾಲದ ಕಡೆ ಬಣ್ಣಕ್ಕೆ ಹಣ ವ್ಯಯಿಸುವುದು ವಿಲಾಸ. ಮಕ್ಕಳ ನೋವು ಅಲ್ಲಿ ದಾನಿಗಳ ಮುಂದಿಡುವ ಪ್ರದರ್ಶನವಾಗುತ್ತದೆ. ನಾಳೆ ಯಾರೋ ಸುಣ್ಣ ಬಳಿದರೆ ಅಳಿಸಿಹೋಗುವ ಚಿತ್ರದಿಂದ ಫಲವೇನು? ಕೊನೆಯಲ್ಲಿ, ಲೇಖನದ ಜೊತೆ ಒಂದು ಮಗುವಿನ ಮುಖವೂ ಏಕೆ ಇರಲಿಲ್ಲ ಎಂದೂ ಕೇಳಿದ್ದೀರಿ. ಇವುಗಳಲ್ಲಿ ಎರಡನೆಯ ಆಕ್ಷೇಪವೇ ಹೆಚ್ಚು ಗಟ್ಟಿಯಾದದ್ದು ಎಂದು ನನ್ನ ಅಭಿಪ್ರಾಯ; ಹೀಗಾಗಿ ಉತ್ತರದ ಹೆಚ್ಚಿನ ಪಾಲು ಅದಕ್ಕೇ ಮೀಸಲು.

ವಿಲಾಸದ ಮಾತನ್ನು ಮೊದಲು ನೋಡೋಣ. 2011ರಲ್ಲಿ ದಕ್ಷಿಣ ಸಿರಿಯಾದ ದರಾ ನಗರದಲ್ಲಿ ಹದಿಹರೆಯದ ಕೆಲವು ಹುಡುಗರು ಶಾಲೆಯ ಗೋಡೆಯ ಮೇಲೆ ಆಳುವವರ ವಿರುದ್ಧ ಬರೆದರು. ಅವರನ್ನು ಹಿಡಿದೊಯ್ದು ಹಿಂಸಿಸಿದ ಸುದ್ದಿ ಹಬ್ಬಿ ಜನ ಬೀದಿಗಿಳಿದರು, ಪ್ರತಿಭಟಿಸಿದವರ ಮೇಲೆ ಗುಂಡು ಹಾರಿತು. ಮುಂದಿನದು ಇಡೀ ದೇಶವನ್ನು ನುಂಗಿದ ಯುದ್ಧ. ಜೋರ್ಡಾನಿನಲ್ಲಿ 2012ರ ಜುಲೈನಲ್ಲಿ ತೆರೆದ ಝಾತರಿ ಶಿಬಿರಕ್ಕೆ ಬಂದ ನಿರಾಶ್ರಿತರಲ್ಲಿ ಬಹುಪಾಲು ಜನ ಇದೇ ದರಾ ಪ್ರಾಂತ್ಯದವರು. ಮರುವರ್ಷ ಆ ಶಿಬಿರದ ಮಕ್ಕಳು ಕಲಾವಿದರೊಡನೆ ಕೂಡಿ ಅಲ್ಲಿನ ಗೋಡೆಗಳಿಗೆ, ಡೇರೆಗಳಿಗೆ, ಕೊನೆಗೆ ಹುಡುಗರು ಸಾಮಾನು ಹೊತ್ತು ನಾಲ್ಕು ಕಾಸು ಸಂಪಾದಿಸುತ್ತಿದ್ದ ಒಂಟಿಗಾಲಿಯ ತಳ್ಳುಗಾಡಿಗಳಿಗೂ ಬಣ್ಣ ಹಚ್ಚಿದರು. ಗೋಡೆಯ ಮೇಲೆ ಬರೆದರೆ ಸೆರೆಮನೆ ಎಂಬುದನ್ನು ಕಂಡು ಬಂದ ಊರಿನ ಮಕ್ಕಳು ಹಾಡಹಗಲಿನಲ್ಲಿ, ಹಿರಿಯರ ಕಣ್ಣೆದುರು ಗೋಡೆಯ ಮೇಲೆ ಬರೆಯುವುದನ್ನು ವಿಲಾಸವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಅನ್ನವನ್ನು ಕಡಿತಗೊಳಿಸಿ ಬಣ್ಣ ಕೊಡಿ ಎಂದು ಯಾರೂ ವಾದಿಸುತ್ತಿಲ್ಲ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿಯೇ ಸಶಸ್ತ್ರ ಸಂಘರ್ಷಕ್ಕೆ ಸಿಕ್ಕ ಮಗುವಿನ ಚೇತರಿಕೆಯ ಹೊಣೆಯನ್ನು 39ನೆಯ ವಿಧಿಯೂ, ಆಟ ಮತ್ತು ಕಲೆಯ ಹಕ್ಕನ್ನು 31ನೆಯ ವಿಧಿಯೂ ಹೇಳುತ್ತವೆ.

ಇನ್ನು ಪ್ರದರ್ಶನದ ಪ್ರಶ್ನೆ. ಹೊರಗಿನಿಂದ ಬಂದವರು ಮಕ್ಕಳ ಕೈಗೆ ಕುಂಚ ಕೊಟ್ಟು "ನೀವು ಕಂಡ ಯುದ್ಧವನ್ನು ಬಿಡಿಸಿ" ಎಂದು ಹೇಳಿ, ಸಂಜೆಯೊಳಗೆ ಛಾಯಾಚಿತ್ರ ತೆಗೆದುಕೊಂಡು ಹೊರಟುಹೋಗುವ ಕಾರ್ಯಕ್ರಮಗಳನ್ನು ನೀವು ಖಂಡಿಸಿದ್ದೀರಿ, ನಾನೂ ಖಂಡಿಸುತ್ತೇನೆ. ನೋವನ್ನು ಕೆದಕಿ, ಅದನ್ನು ಸಂತೈಸಲು ಮರುದಿನ ಯಾರೂ ಇರದಂತೆ ಮಾಡುವುದು ಕಲೆಯ ಹೆಸರಿನಲ್ಲಿ ನಡೆಯುವ ಅವಿವೇಕ. ತುರ್ತು ಪರಿಸ್ಥಿತಿಗಳಲ್ಲಿನ ಮಾನಸಿಕ ಆರೋಗ್ಯದ ಕುರಿತು ವಿಶ್ವಸಂಸ್ಥೆಯ ಅಂಗಸಂಸ್ಥೆಗಳೂ ಇತರ ನೆರವು ಸಂಸ್ಥೆಗಳೂ ಸೇರಿ 2007ರಲ್ಲಿ ಹೊರತಂದ ಮಾರ್ಗಸೂಚಿಯು, ಒಂದೇ ಬೈಠಕ್ಕಿನಲ್ಲಿ ಕೂರಿಸಿ ಆಘಾತದ ಅನುಭವವನ್ನು ಹೇಳಿಸುವ ಪದ್ಧತಿ ಕೂಡದು ಎಂದೇ ಹೇಳುತ್ತದೆ. ಬಾಯಿಂದ ಹೇಳಿಸುವುದಕ್ಕೆ ಅನ್ವಯಿಸುವ ಈ ಎಚ್ಚರ ಚಿತ್ರ ಬರೆಸುವುದಕ್ಕೂ ಅನ್ವಯಿಸಬೇಕು.

ಇದಕ್ಕಿಂತ ಹೆಚ್ಚು ಪ್ರಚಲಿತವಾದ, ನೋಡಲು ಸಾಧುವಾದ ಇನ್ನೊಂದು ದೋಷವಿದೆ. ವಿನ್ಯಾಸವು ಮೊದಲೇ ಕಚೇರಿಯಲ್ಲಿ ಸಿದ್ಧವಾಗಿ ಬರುತ್ತದೆ: ಒಂದು ಪಾರಿವಾಳ, ಒಂದು ಕಾಮನಬಿಲ್ಲು, ಕೈಕೈ ಹಿಡಿದ ಮಕ್ಕಳು. ಯುವಜನರಿಗೆ ಉಳಿಯುವುದು ಗೆರೆಯೊಳಗೆ ಬಣ್ಣ ತುಂಬುವ ಕೂಲಿ. (ಈ ಪಾರಿವಾಳಗಳನ್ನು ಲೆಕ್ಕ ಹಾಕಿದರೆ ಜಗತ್ತಿನಲ್ಲಿ ಇಷ್ಟು ಹೊತ್ತಿಗೆ ಶಾಂತಿ ನೆಲೆಸಿರಬೇಕಿತ್ತು.) ಒಳ್ಳೆಯ ಕೆಲಸದಲ್ಲಿ ಗೋಡೆಯನ್ನು ಮುಟ್ಟುವುದು ಕಡೆಯ ಹಂತ. ಅದಕ್ಕೂ ಮೊದಲು ವಾರಗಟ್ಟಲೆ ಮಾತು, ಕಾಗದದ ಮೇಲಿನ ಕರಡು, ಯಾವುದು ಬೇಕು ಯಾವುದು ಬೇಡ ಎಂಬ ಜಗಳ, ಎದುರು ಮನೆಯವರ ತಕರಾರು, ರಾಜಿ ಇವೆಲ್ಲ ನಡೆಯುತ್ತವೆ. ಯುದ್ಧವು ಈ ಮಕ್ಕಳಿಂದ ಮನೆಯನ್ನು ಮಾತ್ರ ಕಸಿದಿಲ್ಲ. ಎಲ್ಲಿ ಇರಬೇಕು, ಯಾವಾಗ ಹೊರಡಬೇಕು ಎಂಬ ತೀರ್ಮಾನದಲ್ಲಿ ಅವರ ಮಾತಿಗೆ ಇದ್ದ ಅಲ್ಪಸ್ವಲ್ಪ ಬೆಲೆಯನ್ನೂ ಕಸಿದಿದೆ. ಹತ್ತಾರು ಜನ ಓಡಾಡುವ ಜಾಗದಲ್ಲಿ ಏನು ಕಾಣಬೇಕೆಂಬ ತೀರ್ಮಾನ ಅವರದಾದಾಗ ಅದು ಒಂದಿಷ್ಟಾದರೂ ಮರಳುತ್ತದೆ. ಅವರು ಯುದ್ಧವನ್ನು ಬಿಡಿಸದೆ ಫುಟ್‌ಬಾಲ್ ಬಿಡಿಸಿದರೆ ಅದೂ ಸರಿ. ನೋಡುವವರಿಗೆ ನಿರಾಸೆಯಾದರೆ ಆಗಲಿ.

ಬಣ್ಣಕ್ಕೆ ತನ್ನಷ್ಟಕ್ಕೆ ತಾನೇ ಸದ್ಗುಣವೇನೂ ಇಲ್ಲ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಮುಸುಕುಧಾರಿ ಬಂದೂಕುಗಾರರ ಗೋಡೆಚಿತ್ರಗಳು ಇದು ಯಾರ ಕೇರಿ ಎಂದು ಸಾರುತ್ತಲೇ ಒಂದು ತಲೆಮಾರನ್ನು ಬೆಳೆಸಿದವು. ಅವುಗಳ ಜಾಗದಲ್ಲಿ ಬೇರೆ ಚಿತ್ರಗಳನ್ನು ತರಲು 2006ರಲ್ಲಿ ಅಲ್ಲಿನ ಕಲಾ ಮಂಡಳಿ ಯೋಜನೆ ಹೂಡಿದಾಗ, ಕೇರಿಯವರ ಒಪ್ಪಿಗೆಯಿಲ್ಲದೆ ಒಂದು ಗೋಡೆಯನ್ನೂ ಬದಲಿಸುವುದು ಸುಲಭವಿರಲಿಲ್ಲ.

ಅಳಿಸಿಹೋಗುವ ಚಿತ್ರದ ವಿಷಯದಲ್ಲಿ ನಿಮ್ಮ ಸಂದೇಹಕ್ಕೆ ಕಾಬೂಲಿನ ಉದಾಹರಣೆ ಬೆಂಬಲವನ್ನೇ ಕೊಡುತ್ತದೆ. 2014ರಲ್ಲಿ ಆರಂಭವಾದ ಆರ್ಟ್‌ಲಾರ್ಡ್ಸ್ ಎಂಬ ಬಳಗವು ಬಾಂಬ್ ಸ್ಫೋಟ ತಡೆಯಲು ನಿಲ್ಲಿಸಿದ್ದ ಬೂದು ಕಾಂಕ್ರೀಟ್ ಗೋಡೆಗಳ ಮೇಲೆ ರೇಖೆ ಎಳೆದು, ಬಣ್ಣ ತುಂಬಲು ದಾರಿಹೋಕರನ್ನೇ ಕರೆಯುತ್ತಿತ್ತು. 2021ರ ಆಗಸ್ಟಿನಲ್ಲಿ ತಾಲಿಬಾನ್ ನಗರವನ್ನು ವಶಪಡಿಸಿಕೊಂಡ ಬಳಿಕ ಆ ಚಿತ್ರಗಳನ್ನು ಮುಚ್ಚಿ ಘೋಷಣೆಗಳನ್ನು ಬರೆಯಲಾಯಿತು. ಆದರೆ ಕೊಲಂಬಿಯಾದ ಮೆಡೆಯೀನ್ ನಗರದಲ್ಲಿ ನಡೆದದ್ದು ಬೇರೆ. 2002ರ ಅಕ್ಟೋಬರಿನಲ್ಲಿ ಅಲ್ಲಿನ ಕೊಮುನಾ 13 ಬಡಾವಣೆಯ ಮೇಲೆ ಸೇನಾ ಕಾರ್ಯಾಚರಣೆ ನಡೆಯಿತು; ಆ ಕಾಲದಲ್ಲಿ ಕಾಣೆಯಾದವರು ಗುಡ್ಡದ ಮೇಲಿನ ಕಟ್ಟಡ ತ್ಯಾಜ್ಯದ ರಾಶಿಯಡಿ ಇದ್ದಾರೆಂದು ತಾಯಂದಿರು ಇಪ್ಪತ್ತಕ್ಕೂ ಹೆಚ್ಚು ವರ್ಷ ಹೇಳುತ್ತಲೇ ಬಂದರು. 2024ರ ಡಿಸೆಂಬರಿನಲ್ಲಿ ಅಲ್ಲಿ ಮಾನವ ಅವಶೇಷಗಳು ಸಿಕ್ಕವು. ಮರುತಿಂಗಳು ಗೀಚುಚಿತ್ರಗಾರರು ಅಮ್ಮಂದಿರು ಹೇಳಿದ್ದೇ ನಿಜ ಎಂಬರ್ಥದ ಸಾಲನ್ನು ನಗರದ ಗೋಡೆಯ ಮೇಲೆ ದೊಡ್ಡದಾಗಿ ಬರೆದರು. ನಗರಾಡಳಿತ ಅದನ್ನು ಅಳಿಸಿತು. ಅಳಿಸಿದ್ದೇ ತಡ, ಅದೇ ಸಾಲು ಅಲ್ಲಿಯೂ ದೇಶದ ಇತರ ನಗರಗಳಲ್ಲಿಯೂ ಮತ್ತೆ ಕಾಣಿಸಿಕೊಂಡಿತು. ಕಾಬೂಲಿನಲ್ಲಿ ಮತ್ತೆ ಬರೆಯುವವರು ಊರು ಬಿಟ್ಟು ಓಡಬೇಕಾಯಿತು, ಮೆಡೆಯೀನಿನಲ್ಲಿ ಅವರು ಊರಲ್ಲೇ ಉಳಿದಿದ್ದರು. ಆದ್ದರಿಂದ ಚಿತ್ರದ ಬಾಳಿಕೆಯನ್ನು ಬಣ್ಣದ ಗುಣಮಟ್ಟದಿಂದ ಅಳೆಯದೆ, ಅದನ್ನು ತಮ್ಮದೆನ್ನುವ ಜನ ಅಲ್ಲಿ ಬದುಕುವಂತಿದ್ದಾರೆಯೇ ಎಂಬುದರಿಂದ ಅಳೆಯಬೇಕೆಂದು ತೋರುತ್ತದೆ.

ಮುಖಗಳ ಬಗ್ಗೆ: ಶಿಬಿರದಲ್ಲಿರುವ ಮಗುವಿನ ಬಂಧುಗಳು ಇನ್ನೂ ಯುದ್ಧಭೂಮಿಯಲ್ಲಿ ಉಳಿದಿರಬಹುದು; ಗುರುತು ಸಿಕ್ಕರೆ ಅವರಿಗೆ ಅಪಾಯ. ಹನ್ನೆರಡರ ವಯಸ್ಸಿನಲ್ಲಿ ಕೊಟ್ಟ ಒಪ್ಪಿಗೆಯನ್ನು ಇಪ್ಪತ್ತರಲ್ಲಿ ಹಿಂತೆಗೆದುಕೊಳ್ಳಲು ಮುದ್ರಿತ ಪುಟದಲ್ಲಿ ದಾರಿಯೂ ಇಲ್ಲ. ಹಾಗಾಗಿ ಚಿತ್ರಗಳನ್ನು ಮಾತ್ರ ಮುದ್ರಿಸಿದೆವು; ಮುಂದೆಯೂ ಇದೇ ಕ್ರಮವನ್ನು ಅನುಸರಿಸುತ್ತೇವೆ.

— ಸಂಪಾದಕ