'ಯು ಮಸ್ಟ್ ಕಮ್' ಅಂದರೆ ಬರುವುದಿಲ್ಲ ತಮ್ಮಾ

ತಮ್ಮಾ, ಕೊಪ್ಪಳದಿಂದ ಇಂಗ್ಲೆಂಡಿಗೆ ಬಂದು ಮೂರು ತಿಂಗಳಾಯಿತು, ದೀಪಾವಳಿ ಊಟಕ್ಕೆ ಆಫೀಸಿನವರನ್ನೂ ಪಕ್ಕದ ಮನೆಯವರನ್ನೂ ಕರೆಯಬೇಕು, ವಾಟ್ಸಾಪಿನಲ್ಲಿ ಏನಂತ ಬರೆಯಲಿ ಅಣ್ಣಾರ ಅಂತ ಕೇಳಿದ್ದೀ. ನೀನು ಬರೆದಿಟ್ಟುಕೊಂಡದ್ದು ಇದು: "ಪ್ಲೀಸ್ ಕಮ್ ವಿತ್ ಫ್ಯಾಮಿಲಿ ಫಾರ್ ಅವರ್ ದಿವಾಲಿ ಫಂಕ್ಷನ್ ಆನ್ ಸಾಟರ್ಡೇ ಈವ್ನಿಂಗ್. ಯು ಮಸ್ಟ್ ಕಮ್. ಡೋಂಟ್ ಮಿಸ್." ಇದನ್ನು ಕಳಿಸಬೇಡ, ಸ್ವಲ್ಪ ತಡಿ.

ವ್ಯಾಕರಣದ ತಪ್ಪಲ್ಲ ಇದು. ನಮ್ಮ ಕಡೆ ಕರೆಯುವುದರ ತೂಕವೆಲ್ಲ ಒತ್ತಾಯದಲ್ಲಿ. ಮನೆಗೇ ಹೋಗಿ ಅಕ್ಷತೆ ಕೊಟ್ಟು "ಮನಿಮಂದಿಯೆಲ್ಲಾ ಬರ್ರಿ, ಅವತ್ತು ಒಲಿ ಹಚ್ಚಬ್ಯಾಡ್ರಿ" ಅಂತ ಎರಡು ಸಲ ಅನ್ನದಿದ್ದರೆ ಕರೆದಂತೆಯೇ ಅಲ್ಲ. ಎಷ್ಟು ಗಂಟೆಗೆ ಊಟ, ಎಷ್ಟಕ್ಕೆ ಮುಗಿಯುತ್ತದೆ ಅಂತ ಯಾರೂ ಕೇಳುವುದೂ ಇಲ್ಲ. ಇಲ್ಲಿಯವರಿಗೆ ಬೇಕಾದದ್ದು ಅದೇ ವಿವರ. ದಿನ, ಬರುವ ಹೊತ್ತು, ಹೋಗುವ ಹೊತ್ತು, ಯಾರ್ಯಾರು, ಹೊಟ್ಟೆತುಂಬ ಊಟವೋ ಬರೀ ತಿಂಡಿಯೋ. ಒತ್ತಾಯ ಮಾಡಿದರೆ 'ಆಗುವುದಿಲ್ಲ' ಅನ್ನುವ ದಾರಿ ಮುಚ್ಚಿದಂತಾಗಿ ಮುಜುಗರಪಡುತ್ತಾರೆ.

ಇನ್ನೊಂದು ತಮಾಷೆ. "ಯು ಮಸ್ಟ್ ಕಮ್ ರೌಂಡ್ ಸಮ್‌ಟೈಮ್" ಅನ್ನುವುದು ಇವರ ಬಾಯಲ್ಲೇ ಬರುವ ಮಾತು. ಅದು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆ "ಬರ್ರಿ ಒಮ್ಮೆ ಮನಿ ಕಡೆ" ಅಂದಂತೆ, ಬೀಳ್ಕೊಡುವ ಮಾತು. ಅಂಥದ್ದನ್ನು ನಿನಗೆ ಯಾರಾದರೂ ಅಂದರೆ ಮರುದಿನ ಹೋಗಿ ಬಾಗಿಲು ತಟ್ಟಬೇಡ. ತಾರೀಖು ಬಂದ ಮೇಲೆ ಅದು ಆಮಂತ್ರಣ.

ಹೀಗೆ ಬರಿ, ಮೂರು ವಾರ ಮೊದಲೇ ಕಳಿಸು: "ಹಾಯ್ ಬೋತ್, ವಿ ಆರ್ ಹ್ಯಾವಿಂಗ್ ಎ ಫ್ಯೂ ಫ್ರೆಂಡ್ಸ್ ರೌಂಡ್ ಫಾರ್ ದಿವಾಲಿ ಆನ್ ಸಾಟರ್ಡೇ 7 ನವೆಂಬರ್ ಅಂಡ್ ವೀಡ್ ಲವ್ ಯು ಟು ಜಾಯಿನ್ ಅಸ್. ಕಮ್ ಎನಿ ಟೈಮ್ ಫ್ರಮ್ 6, ವೀಲ್ ಈಟ್ ಅಟ್ 7 ಅಂಡ್ ಫಿನಿಶ್ ಅರೌಂಡ್ 10. ಕಿಡ್ಸ್ ವೆರಿ ವೆಲ್ಕಮ್. ಇಟ್ಸ್ ಎ ವೆಜಿಟೇರಿಯನ್ ಮೀಲ್. ಕುಡ್ ಯು ಲೆಟ್ ಅಸ್ ನೋ ಬೈ ಸಂಡೇ ದಿ ಫಸ್ಟ್, ಅಂಡ್ ಟೆಲ್ ಅಸ್ ಅಬೌಟ್ ಎನಿ ಅಲರ್ಜೀಸ್? ನೋ ವರೀಸ್ ಇಫ್ ಯು ಕಾಂಟ್ ಮೇಕ್ ಇಟ್."

ಪ್ರೀತಿ ಇರುವುದು 'ವೀಡ್ ಲವ್ ಯು ಟು ಜಾಯಿನ್ ಅಸ್' ಅನ್ನುವ ಒಂದೇ ಮಾತಿನಲ್ಲಿ. ಅದನ್ನು ಎರಡನೇ ಸಲ ಹೇಳಬೇಡ. ಕೊನೆಯ 'ನೋ ವರೀಸ್' ನಮ್ಮ ಕಿವಿಗೆ 'ಬಂದರೆ ಬಾ, ಬಿಟ್ಟರೆ ಬಿಡು' ಅಂದಂತೆ ಕೇಳಿಸುತ್ತದೆ ಹೌದು, ಆದರೆ ಇಲ್ಲಿ ಮರ್ಯಾದೆ ಕೊಡುವ ಮಾತು ಅದೇ. 'ವಿತ್ ಫ್ಯಾಮಿಲಿ' ಬೇಡ. ಗಂಡ-ಹೆಂಡತಿಯೋ, ಮಕ್ಕಳೂ ಸೇರಿಯೋ, ಅತ್ತೆ-ಮಾವನೂ ಬರಬಹುದೋ ಅವರಿಗೆ ತಿಳಿಯುವುದಿಲ್ಲ. ಮೇಲಿನಂತೆ 'ಬೋತ್', 'ಕಿಡ್ಸ್' ಅಂತ ಬಿಡಿಸಿ ಹೇಳು, ಇಲ್ಲವೇ ಹೆಸರು ಹಿಡಿದು ಕರಿ. 'ದಿವಾಲಿ' ಅಂತ ಬರೆಯಲು ಕೈ ಹಿಂಜರಿಯುತ್ತದೆ, ಯಾರೋ ದಿವಾಳಿ ಎದ್ದಂತೆ. ಏನು ಮಾಡುವುದು, ಇವರಿಗೆ ಗೊತ್ತಿರುವ ಪದ ಅದು.

ಉತ್ತರ ಬಂದಾಗಲೂ ಎಚ್ಚರ. "ವೀಡ್ ಲವ್ ಟು" ಅಂದರೆ ಬರುತ್ತಾರೆ, ತಟ್ಟೆ ಎಣಿಸಿಕೋ. "ಲೆಟ್ ಮಿ ಚೆಕ್ ಮೈ ಡೈರಿ" ಅಂದರೆ ಇನ್ನೂ ಗೊತ್ತಿಲ್ಲ. "ಐಲ್ ಟ್ರೈ ಟು ಮೇಕ್ ಇಟ್" ಅಂದರೆ ಬಹುಮಟ್ಟಿಗೆ ಬರುವುದಿಲ್ಲ. "ಅಯ್ಯ, ಹಂಗಂದ್ರ ಹೆಂಗ" ಅಂತ ಮತ್ತೆ ಒತ್ತಾಯಿಸಬೇಡ. "ದಟ್ಸ್ ಅ ಶೇಮ್, ಅನದರ್ ಟೈಮ್" ಅಂದುಬಿಡು, ಮುಗಿಯಿತು. ಇಲ್ಲಿ 'ಶೇಮ್' ಅಂದರೆ ನಾಚಿಕೆಗೇಡು ಅಲ್ಲ, 'ಛೇ, ಬಂದಿದ್ದರೆ ಚೆನ್ನಾಗಿತ್ತು' ಅಂತ.

ಹೊತ್ತಿನ ವಿಷಯ. 'ಹಾಫ್ ಸೆವೆನ್' ಅಂದರೆ ಏಳೂವರೆ, ಆರೂವರೆ ಅಲ್ಲ. ಕಾರ್ಡಿನಲ್ಲಿ '7 ಫಾರ್ 7.30' ಅಂತಿದ್ದರೆ ಏಳಕ್ಕೆ ಬನ್ನಿ, ಏಳೂವರೆಗೆ ಎಲೆ ಹಾಕುತ್ತಾರೆ ಅಂತ ಅರ್ಥ. ನೀನು 6 ಅಂದರೆ ಆರೂಕಾಲರೊಳಗೆ ಎಲ್ಲರೂ ಬಾಗಿಲಲ್ಲಿರುತ್ತಾರೆ. ಆಗಿನ್ನೂ ಕುಕ್ಕರ್ ಇಡುತ್ತಿದ್ದರೆ ಕಷ್ಟ. ಇಂಗ್ಲೆಂಡಿನ ಉತ್ತರಕ್ಕೆ ಹೋದರೆ "ಕಮ್ ರೌಂಡ್ ಫಾರ್ ಟೀ" ಅಂದಾಗ ಚಹಾ-ಬಿಸ್ಕತ್ತು ಅಂದುಕೊಂಡು ಉಂಡು ಹೋಗಬೇಡ. ಅಲ್ಲಿ ಟೀ ಅಂದರೆ ಸಂಜೆಯ ಊಟ.

ಇನ್ನು ಅಡುಗೆ. ಎಡವುವುದು ಹೆಚ್ಚಾಗಿ ಇಲ್ಲಿಯೇ. ಅಲರ್ಜಿ ಅಂದರೆ ನಮ್ಮಲ್ಲಿ ಮೈ ತುರಿಕೆ. ಇಲ್ಲಿ ಶೇಂಗಾ ತಿಂದು ಉಸಿರು ಕಟ್ಟಿ ಆಂಬುಲೆನ್ಸ್ ಕರೆಸುವವರಿದ್ದಾರೆ. ಬ್ರಿಟನ್ನಿನ ಹೋಟೆಲುಗಳು ಅಡುಗೆಯಲ್ಲಿ ಇವೆಯೇ ಅಂತ ತಿಳಿಸಲೇಬೇಕಾದ ಪದಾರ್ಥಗಳು 14. ಮನೆ ಊಟಕ್ಕೆ ಆ ಕಾನೂನು ಇಲ್ಲ, ಆದರೆ ಬಂದವರು ಕೇಳುವುದು ಅದೇ ಪಟ್ಟಿ ತಲೆಯಲ್ಲಿಟ್ಟುಕೊಂಡು. ಅದರಲ್ಲಿ ಶೇಂಗಾ ಇದೆ, ಎಳ್ಳು ಇದೆ, ಹಾಲು, ಗೋಧಿ, ಗೋಡಂಬಿ ಇವೆ, ಸಾಸಿವೆಯೂ ಇದೆ. ನಮ್ಮ ಒಂದು ತಾಟು ನೋಡು: ಶೇಂಗಾ ಹಿಂಡಿ (ಚಟ್ನಿಪುಡಿ), ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ-ಎಳ್ಳು ಎರಡೂ ಅರೆದು ತುಂಬಿದ ಎಣ್ಣೆಗಾಯಿ, ಸಾಸಿವೆ ಒಗ್ಗರಣೆ ಬೀಳದ ಪಲ್ಯವೇ ಇಲ್ಲ. ಯಾರಾದರೂ "ಐಮ್ ಸೀಲಿಯಾಕ್" ಅಂದರೆ ಗೋಧಿ ಒಂದು ಚಿಟಿಕೆಯೂ ಆಗದು. ಆಗ ಜೋಳದ ರೊಟ್ಟಿ ಕೈ ಹಿಡಿಯುತ್ತದೆ, ಹಿಟ್ಟಿಗೆ ಗೋಧಿ ಬೆರೆಸಿರಬಾರದು, ತಟ್ಟುವಾಗ ಗೋಧಿ ಹಿಟ್ಟು ಉದುರಿಸಬಾರದು. ಸಾರು ಮಾತ್ರ ಕೈಕೊಡುತ್ತದೆ, ಇಂಗಿನಿಂದ. ಡಬ್ಬಿಯಲ್ಲಿ ಸಿಗುವ ಇಂಗಿನ ಪುಡಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟೋ ಮೈದಾನೋ ಬೆರೆತಿರುತ್ತದೆ. ಡಬ್ಬಿ ತಿರುಗಿಸಿ ಓದು, ಇಲ್ಲದಿದ್ದರೆ ಅವತ್ತು ಇಂಗು ಬಿಡು. ಶೇಂಗಾ ಆಗದವರು ಬರುವುದಿದ್ದರೆ ಹಿಂಡಿಯನ್ನು ಬೇರೆ ಬಟ್ಟಲಲ್ಲಿಟ್ಟರೆ ಸಾಲದು, ಅವತ್ತು ಮಾಡಲೇಬೇಡ. ಒಂದೇ ಚಮಚ ಎಲ್ಲ ಪಾತ್ರೆಗೂ ಓಡಾಡುತ್ತದೆ.

ನೀನು ಅತಿಥಿಯಾಗಿ ಹೋಗುವಾಗ ಬರೀ 'ವೆಜಿಟೇರಿಯನ್' ಅಂದರೆ ಮೊಟ್ಟೆ ಸೇರಿಸಿಯೇ ಕೊಡುತ್ತಾರೆ, ಕೆಲವರು ಮೀನನ್ನೂ. "ವಿ ಡೋಂಟ್ ಈಟ್ ಮೀಟ್, ಫಿಶ್ ಆರ್ ಎಗ್ಸ್. ಡೇರಿ ಈಸ್ ಫೈನ್" ಅಂತ ಬಿಡಿಸಿ ಹೇಳು. "ಶುಡ್ ವಿ ಬ್ರಿಂಗ್ ಎನಿಥಿಂಗ್?" ಅಂತ ಕೇಳು, "ಜಸ್ಟ್ ಯುವರ್‌ಸೆಲ್ವ್ಸ್" ಅಂದರೂ ಖಾಲಿ ಕೈಯಲ್ಲಿ ಹೋಗಬೇಡ. ಹಾಗೆಯೇ ಅವರು ನಿನ್ನ ಮನೆಗೆ ವೈನ್ ಬಾಟಲಿ ತರುತ್ತಾರೆ. ದೇವರ ಮುಂದೆ ಅದು ಬೇಡ ಅನ್ನಿಸಿದರೆ "ವಿ ವೋಂಟ್ ಬಿ ಸರ್ವಿಂಗ್ ಆಲ್ಕೊಹಾಲ್" ಅಂತ ಮೊದಲೇ ಬರಿ. ಬಾಗಿಲಲ್ಲಿ ನಿಲ್ಲಿಸಿ ಹೇಳಿದರೆ ಇಬ್ಬರಿಗೂ ಮುಖಭಂಗ. ಚಪ್ಪಲಿ ಹೊರಗೆ ಬಿಡಬೇಕು ಅನ್ನುವುದೂ ಅಷ್ಟೇ.

ಪದಗಳಲ್ಲಿ ನಾಲ್ಕೈದು ಬದಲಿಸಿಕೋ. 'ಫಂಕ್ಷನ್' ಅಂದರೆ ಹೋಟೆಲ್ ಹಾಲಿನ ಕಾರ್ಯಕ್ರಮದ ವಾಸನೆ. 'ಪಾರ್ಟಿ', 'ಗ್ಯಾದರಿಂಗ್' ಸಾಕು. ತಂಗಿಯ ಮದುವೆಗೆ 'ಮ್ಯಾರೇಜ್' ಅಲ್ಲ, 'ವೆಡಿಂಗ್'. ಬಳ್ಳಾರಿಯಲ್ಲಿ ನಾವು ಗೃಹಪ್ರವೇಶಕ್ಕೆ 'ಮನಿ ಓಪನಿಂಗ್' ಅನ್ನುತ್ತೇವಲ್ಲ, ಇಲ್ಲಿ ಅದು ಅಂಗಡಿಯ ರಿಬ್ಬನ್ ಕತ್ತರಿಸಿದಂತೆ. 'ಹೌಸ್‌ವಾರ್ಮಿಂಗ್' ಅನ್ನು, ಆದರೆ ಹಾಗಂದರೆ ಇವರು ಸಂಜೆ ಪಾರ್ಟಿ ಅಂದುಕೊಳ್ಳುತ್ತಾರೆ. "ದೇರ್ಸ್ ಎ ಶಾರ್ಟ್ ಪೂಜಾ ಅಟ್ 11 ಅಂಡ್ ಲಂಚ್ ಅಟ್ 12.30, ಡು ಕಮ್ ಫಾರ್ ಐದರ್ ಆರ್ ಬೋತ್" ಅಂತ ಸೇರಿಸು. ಕುಬಸಕ್ಕೆ, ಅಂದರೆ ಸೀಮಂತಕ್ಕೆ, 'ಬೇಬಿ ಶವರ್' ಹತ್ತಿರದ ಪದ, ಉಡಿ ತುಂಬುವುದಿದೆ ಅಂತ ಒಂದು ಸಾಲು ಇರಲಿ.

ಮದುವೆ ಕಾರ್ಡ್ ಬಂದರೆ ಲಕೋಟೆಯ ಮೇಲೆ ಯಾರ ಹೆಸರಿದೆಯೋ ಅವರು ಮಾತ್ರ. ಕೆಲವು ಕಾರ್ಡು ಸಂಜೆಯ ಪಾರ್ಟಿಗಷ್ಟೇ ಇರುತ್ತದೆ, 'ಈವ್ನಿಂಗ್ ರಿಸೆಪ್ಷನ್' ಅಂತ. ತಾಳಿ ಕಟ್ಟುವ ಹೊತ್ತಿಗೆ ಕರೆಯಲಿಲ್ಲ ಅಂತ ಮುನಿಸು ಬೇಡ, ಹಗಲು ಊಟದ ಕುರ್ಚಿ ಎಣಿಸಿಟ್ಟಿರುತ್ತಾರೆ. ಇಲ್ಲಿನ ಭಾರತೀಯರ ಕಾರ್ಡಿನಲ್ಲಿ 'ನೋ ಬಾಕ್ಸ್ಡ್ ಗಿಫ್ಟ್ಸ್' ಅಂತಿದ್ದರೆ ನಮ್ಮ ಮುಯ್ಯಿ ಲೆಕ್ಕ, ಕವರಿನಲ್ಲಿ ದುಡ್ಡು ಹಾಕಿ ಕೊಡು.

ಪಟಾಕಿ ಇದೆ ಅಂತ ಬರೆಯುವೆಯಾದರೆ, ಇಂಗ್ಲೆಂಡಿನಲ್ಲಿ ರಾತ್ರಿ 11ರ ನಂತರ ಹಚ್ಚುವಂತಿಲ್ಲ. ದೀಪಾವಳಿಯ ರಾತ್ರಿ 1 ಗಂಟೆವರೆಗೆ ಬಿಡುವು ಇದೆ. ಹಬ್ಬ ಭಾನುವಾರ, ನಿನ್ನ ಊಟ ಶನಿವಾರ ಆದರೆ ಆ ಬಿಡುವು ನಿನ್ನ ಪಾರ್ಟಿಗಿಲ್ಲ.

ಹಿಂದಿನ ದಿನ ಇನ್ನೊಂದು ಸಾಲು ಕಳಿಸು: "ಲುಕಿಂಗ್ ಫಾರ್ವರ್ಡ್ ಟು ಸೀಯಿಂಗ್ ಯು ಟುಮಾರೋ." ಜೊತೆಗೆ ಮನೆ ನಂಬರು, ಪೋಸ್ಟ್‌ಕೋಡ್, ಕಾರು ಎಲ್ಲಿ ನಿಲ್ಲಿಸಬೇಕು ಅನ್ನುವುದು. ನಿಮ್ಮ ರಸ್ತೆ ಪರ್ಮಿಟ್ ಇದ್ದವರಿಗೆ ಮಾತ್ರ ಅಂತಿದ್ದರೆ ಅದನ್ನಂತೂ ಮರೆಯಬೇಡ. ಹೋಳಿಗೆ ಉಂಡು ಹೊರಗೆ ಬಂದವರ ಕಾರಿನ ಗಾಜಿಗೆ ದಂಡದ ಚೀಟಿ ಅಂಟಿರಬಾರದು.