ನನ್ನ ಕಂಪ್ಯೂಟರ್‌ನಲ್ಲಿ ಸರಿಯಾಗಿ ಓಡುವ ಡೆಸ್ಕ್‌ಟಾಪ್ ಆ್ಯಪ್ ಬೇರೆಯವರ ಹತ್ತಿರ ಯಾಕೆ ಕೈಕೊಡುತ್ತದೆ?

ನೀವು ಕೇಳಿರುವುದು ಇಷ್ಟು. ಸಿ ಶಾರ್ಪ್ ಮತ್ತು ವಿನ್‌ಫಾರ್ಮ್ಸ್‌ನಲ್ಲಿ ಒಂದು ಆ್ಯಪ್ ಬರೆದಿದ್ದೀರಿ. ನಿಮ್ಮ ಮಷೀನ್‌ನಲ್ಲಿ ಚೆನ್ನಾಗಿ ಓಡುತ್ತದೆ. ಬೇರೆಯವರಿಗೆ ಕೊಟ್ಟರೆ ಒಮ್ಮೆ ಹ್ಯಾಂಗ್ ಆಗುತ್ತದೆ, ಒಮ್ಮೆ ಫೈಲ್ ಸಿಗುತ್ತಿಲ್ಲ ಅನ್ನುತ್ತದೆ, ಇನ್ನೊಮ್ಮೆ ಏನೂ ಹೇಳದೆ ಮುಚ್ಚಿಕೊಳ್ಳುತ್ತದೆ. ಪ್ರತಿ ತೊಂದರೆಗೂ ನೆಟ್‌ನಲ್ಲಿ ಹುಡುಕಿ, ಸಿಕ್ಕಿದ ಕೋಡ್ ಅಂಟಿಸಿ ತೇಪೆ ಹಚ್ಚುತ್ತಿದ್ದೀರಿ. ಒಂದು ಸರಿಯಾದರೆ ಇನ್ನೊಂದು ಶುರುವಾಗುತ್ತದೆ. ಕೋಡ್‌ನಲ್ಲಿ ಎರರ್ ಹಿಡಿದು ಏನೂ ಮಾಡದ ಖಾಲಿ ಕ್ಯಾಚ್ ಬ್ಲಾಕ್‌ಗಳೂ ಇವೆ.

ಈ ಮೂರು ತೊಂದರೆಗಳಿಗೂ ನಿಮ್ಮ ಲೆಕ್ಕಾಚಾರದ ಕೋಡ್ ಕಾರಣ ಆಗಿರುವ ಸಾಧ್ಯತೆ ಕಡಿಮೆ. ಡೆಸ್ಕ್‌ಟಾಪ್ ಆ್ಯಪ್‌ಗಳಲ್ಲಿ ನಾನು ನೋಡಿರುವ ಹೆಚ್ಚಿನ ತೊಂದರೆಗಳ ಬೇರು ಒಂದೇ ಕಡೆ ಇರುತ್ತದೆ: ಈ ಸಾಲು ಎಲ್ಲಿ ಓಡುತ್ತದೆ ಅಂತ ಬರೆಯುವಾಗ ಯಾರೂ ಯೋಚಿಸಿರುವುದಿಲ್ಲ. ಯಾವ ಥ್ರೆಡ್‌ನಲ್ಲಿ (ಕೋಡ್‌ನ ಸಾಲುಗಳನ್ನು ಒಂದಾದ ಮೇಲೊಂದು ಓಡಿಸುವ ಎಳೆ) ಓಡುತ್ತಿದೆ? ಯಾವ ಫೋಲ್ಡರ್‌ನಿಂದ ಓಡುತ್ತಿದೆ? ಯಾರ ಮಷೀನ್‌ನಲ್ಲಿ, ಯಾವ ಸೆಟ್ಟಿಂಗ್ ಜೊತೆ? ಕೋಡ್ ಹುಡುಕುವ ಮುಂಚೆ ಈ ಪ್ರಶ್ನೆಗಳನ್ನು ಕೇಳಿಕೊಂಡರೆ ಅರ್ಧ ಕೆಲಸ ಆದಂತೆ.

ಹ್ಯಾಂಗ್ ಆಗುವುದನ್ನೇ ಮೊದಲು ನೋಡೋಣ. ಎಲ್ಲಕ್ಕಿಂತ ಜಾಸ್ತಿ ಜನ ಒದ್ದಾಡುವುದು ಇದರಲ್ಲೇ.

ನಿಮ್ಮ ಆ್ಯಪ್‌ನ ಕಿಟಕಿ, ಬಟನ್, ಟೆಕ್ಸ್ಟ್‌ಬಾಕ್ಸ್ ಎಲ್ಲವನ್ನೂ ನೋಡಿಕೊಳ್ಳುವುದು ಒಂದೇ ಥ್ರೆಡ್, ಅದೇ ಮೇನ್ ಥ್ರೆಡ್. ಕ್ಲಿಕ್ ಆಯ್ತು, ಕೀ ಒತ್ತಿದರು, ಕಿಟಕಿಯನ್ನು ಮತ್ತೆ ಬಿಡಿಸಬೇಕು, ಹೀಗೆ ವಿಂಡೋಸ್ ಕಳಿಸುವ ಸಂದೇಶಗಳೆಲ್ಲ ಒಂದು ಸಾಲಿನಲ್ಲಿ ನಿಲ್ಲುತ್ತವೆ. ಆ ಥ್ರೆಡ್ ಒಂದೊಂದಾಗಿ ತೆಗೆದು ಕೆಲಸ ಮುಗಿಸುತ್ತದೆ. ಬಟನ್ ಕ್ಲಿಕ್‌ನ ಒಳಗೇ ನೀವು ದೊಡ್ಡ ಫೈಲ್ ಓದಲು ಶುರು ಮಾಡಿದರೆ, ಓದಿ ಮುಗಿಯುವವರೆಗೆ ಬೇರೆ ಯಾವ ಸಂದೇಶಕ್ಕೂ ಸರದಿ ಬರುವುದಿಲ್ಲ. ಸುಮಾರು 5 ಸೆಕೆಂಡ್ ಹೀಗೇ ಇದ್ದರೆ ವಿಂಡೋಸ್ ಕಿಟಕಿಯನ್ನು ಮಂಕು ಮಾಡಿ, ಮೇಲಿನ ಪಟ್ಟಿಯಲ್ಲಿ ನಾಟ್ ರೆಸ್ಪಾಂಡಿಂಗ್ ಅಂತ ಬರೆಯುತ್ತದೆ. ಆ್ಯಪ್ ಸತ್ತಿರುವುದಿಲ್ಲ, ಒಳಗೆ ದುಡಿಯುತ್ತಲೇ ಇರುತ್ತದೆ. ಆದರೆ ಬಳಸುವವರಿಗೆ ಅದು ಗೊತ್ತಾಗಲ್ಲ. ಅವರು ಟಾಸ್ಕ್ ಮ್ಯಾನೇಜರ್‌ಗೆ ಹೋಗಿ ಕೊಂದುಬಿಡುತ್ತಾರೆ, ಅರ್ಧ ಬರೆದ ಫೈಲ್ ಹಾಗೇ ಉಳಿಯುತ್ತದೆ. ನಿಮ್ಮ ಮಷೀನ್‌ನಲ್ಲಿ ಯಾಕೆ ಆಗಲಿಲ್ಲ ಅಂದರೆ, ನಿಮ್ಮ ಪರೀಕ್ಷೆಯ ಫೈಲ್ ಚಿಕ್ಕದು, ಡಿಸ್ಕ್ ವೇಗದ್ದು. ಅವರ ಫೈಲ್ ನೆಟ್‌ವರ್ಕ್ ಡ್ರೈವ್‌ನಲ್ಲಿ ಇರಬಹುದು.

ಎಲ್ಲಿ ಸಿಕ್ಕಿಕೊಂಡಿದೆ ಅಂತ ಊಹೆ ಮಾಡಬೇಡಿ. ವಿಷುಯಲ್ ಸ್ಟುಡಿಯೊದಲ್ಲಿ ಆ್ಯಪ್ ಓಡಿಸಿ, ಹ್ಯಾಂಗ್ ಆಗುವ ಕೆಲಸವನ್ನೇ ಮಾಡಿ. ಹ್ಯಾಂಗ್ ಆದಾಗ ಡೀಬಗ್ ಮೆನುವಿನಲ್ಲಿ ಬ್ರೇಕ್ ಆಲ್ ಒತ್ತಿ. ಥ್ರೆಡ್ಸ್ ವಿಂಡೋ ತೆರೆದು ಮೇನ್ ಥ್ರೆಡ್ ಆರಿಸಿ, ಕಾಲ್ ಸ್ಟ್ಯಾಕ್ (ಯಾವ ಫಂಕ್ಷನ್ ಯಾವುದನ್ನು ಕರೆದಿದೆ ಅನ್ನುವ ಪಟ್ಟಿ) ನೋಡಿ. ಮೇಲಿನಿಂದ ಕೆಳಗೆ ಬರುತ್ತಾ ಮೊದಲು ಸಿಗುವ ನಿಮ್ಮ ಸ್ವಂತ ಫಂಕ್ಷನ್ ಯಾವುದೋ ಅಲ್ಲೇ ಅದು ಕಾಯುತ್ತಿದೆ. ಇಷ್ಟು ಸುಲಭದ ಕೆಲಸವನ್ನು ಬಿಟ್ಟು ಅನೇಕರು ಇಡೀ ದಿನ ಕೋಡ್‌ನಲ್ಲಿ ಅಲ್ಲಲ್ಲಿ ಮೆಸೇಜ್‌ಬಾಕ್ಸ್ ಹಾಕುತ್ತಾ ಕೂರುತ್ತಾರೆ, ನೋಡಿದರೆ ಬೇಜಾರಾಗುತ್ತದೆ.

ಪರಿಹಾರ ಅಂದರೆ ಅಸಿಂಕ್ ಮತ್ತು ಅವೇಟ್, ಥ್ರೆಡ್ ಅನ್ನು ಕಟ್ಟಿಹಾಕದೆ ಕಾಯಲು ಇರುವ ಪದಗಳು. 2012ರಲ್ಲಿ ಸಿ ಶಾರ್ಪ್ 5ರ ಜೊತೆ ಬಂದವು. ಫೈಲ್ ಓದುವುದು, ನೆಟ್‌ವರ್ಕ್, ಡೇಟಾಬೇಸ್ ಹೀಗೆ ಕಾಯುವ ಕೆಲಸಕ್ಕೆ ಆಯಾ ಫಂಕ್ಷನ್‌ನ ಅಸಿಂಕ್ ರೂಪ ಬಳಸಿ ಅವೇಟ್ ಮಾಡಿ. ಪ್ರೊಸೆಸರ್ ತಿನ್ನುವ ಲೆಕ್ಕಾಚಾರವಾದರೆ ಬೇರೆ ಥ್ರೆಡ್‌ನಲ್ಲಿ ಓಡಿಸುವ ಟಾಸ್ಕ್ ಡಾಟ್ ರನ್ ಒಳಗೆ ಹಾಕಿ, ಅದನ್ನು ಅವೇಟ್ ಮಾಡಿ. ಅವೇಟ್ ಮುಗಿದ ಮೇಲೆ ಓಡುವ ಸಾಲುಗಳು ತಾವಾಗಿಯೇ ಮೇನ್ ಥ್ರೆಡ್‌ಗೆ ವಾಪಸ್ ಬರುತ್ತವೆ. ಹಾಗಾಗಿ ಲೇಬಲ್, ಗ್ರಿಡ್ ಎಲ್ಲವನ್ನೂ ಅಲ್ಲಿ ಧೈರ್ಯವಾಗಿ ಮುಟ್ಟಬಹುದು.

ಇಲ್ಲಿ ಎರಡು ಹೊಂಡ ಇವೆ. ಮೊದಲನೆಯದು, ಅಸಿಂಕ್ ಫಂಕ್ಷನ್ ಕರೆದು, ಅವೇಟ್ ಬದಲು ಡಾಟ್ ರಿಸಲ್ಟ್ ಅಥವಾ ಡಾಟ್ ವೇಟ್ ಬರೆಯುವುದು. ಆಗ ಮೇನ್ ಥ್ರೆಡ್ ಉತ್ತರಕ್ಕಾಗಿ ಕಾಯುತ್ತಾ ನಿಲ್ಲುತ್ತದೆ. ಆ ಫಂಕ್ಷನ್‌ನ ಉಳಿದ ಭಾಗ ಓಡಬೇಕಾದರೆ ಮೇನ್ ಥ್ರೆಡ್ ಬಿಡುವಾಗಬೇಕು. ಇದು ಅದಕ್ಕೆ ಕಾಯುತ್ತದೆ, ಅದು ಇದಕ್ಕೆ ಕಾಯುತ್ತದೆ, ಕಿಟಕಿ ಮತ್ತೆ ಏಳುವುದೇ ಇಲ್ಲ. ಇದೇ ಕೋಡ್ ಕನ್ಸೋಲ್ ಪ್ರೋಗ್ರಾಮ್‌ನಲ್ಲಿ ಸರಿಯಾಗಿ ಓಡುತ್ತದೆ. ಯಾಕೆಂದರೆ ಅಲ್ಲಿ ಉಳಿದ ಭಾಗ ಇಂಥದ್ದೇ ಥ್ರೆಡ್‌ಗೆ ವಾಪಸ್ ಬರಬೇಕು ಅಂತ ಇಲ್ಲ. ಅಲ್ಲಿ ಪರೀಕ್ಷಿಸಿ ಸರಿಯಿದೆ ಅಂದುಕೊಂಡವರು ವಿನ್‌ಫಾರ್ಮ್ಸ್‌ಗೆ ತಂದಾಗ ತಬ್ಬಿಬ್ಬಾಗುತ್ತಾರೆ.

ಎರಡನೆಯದು ಇನ್ನೂ ಮೋಸದ್ದು. ಬೇರೆ ಥ್ರೆಡ್‌ನಿಂದ ನೇರವಾಗಿ ಟೆಕ್ಸ್ಟ್‌ಬಾಕ್ಸ್ ಮುಟ್ಟಿದರೆ ವಿನ್‌ಫಾರ್ಮ್ಸ್ ಎರರ್ ಕೊಡುತ್ತದೆ, ಅದು ನಿಮಗೆ ಗೊತ್ತಿರಬಹುದು. ಆದರೆ ಆ ತಪಾಸಣೆ ತಾನಾಗಿ ಚಾಲೂ ಆಗುವುದು ಡೀಬಗರ್ ಜೋಡಿಸಿ ಓಡಿಸುವಾಗ ಮಾತ್ರ! ನೇರವಾಗಿ ಎಕ್ಸಿ ಫೈಲ್ ಓಡಿಸಿದರೆ ಹೆಚ್ಚಿನ ಸಲ ಎರರ್ ಬರುವುದಿಲ್ಲ, ಸುಮ್ನೆ ಕೆಲವೊಮ್ಮೆ ಕೆಲಸ ಮಾಡುತ್ತದೆ, ಕೆಲವೊಮ್ಮೆ ಅರ್ಧ ಬಿಡಿಸಿದ ಗ್ರಿಡ್ ಕಾಣುತ್ತದೆ, ಕೆಲವೊಮ್ಮೆ ಹ್ಯಾಂಗ್ ಆಗುತ್ತದೆ. ಆದ್ದರಿಂದ ಆ ಎರರ್ ಬಂದಾಗ ತಪಾಸಣೆ ನಿಲ್ಲಿಸಲು ಚೆಕ್ ಫಾರ್ ಇಲ್ಲೀಗಲ್ ಕ್ರಾಸ್ ಥ್ರೆಡ್ ಕಾಲ್ಸ್ ಅನ್ನೋದನ್ನು ಫಾಲ್ಸ್ ಮಾಡಿ ಅಂತ ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಕೇಳಬೇಡಿ. ಬೇರೆ ಥ್ರೆಡ್‌ನಿಂದ ಪರದೆಗೆ ಏನಾದರೂ ಹೇಳಬೇಕಿದ್ದರೆ ಕೆಲಸವನ್ನು ಮೇನ್ ಥ್ರೆಡ್‌ಗೆ ಒಪ್ಪಿಸುವ ಬಿಗಿನ್ ಇನ್ವೋಕ್ ಬಳಸಿ. ಪ್ರಗತಿ ತೋರಿಸುವುದಕ್ಕಾದರೆ ಪ್ರೋಗ್ರೆಸ್ ಕ್ಲಾಸ್ ಇನ್ನೂ ಚೆಂದ. ಟೈಮರ್ ವಿಷಯದಲ್ಲೂ ಇದೇ ಎಚ್ಚರ ಬೇಕು. ಟೂಲ್‌ಬಾಕ್ಸ್‌ನಿಂದ ಎಳೆದು ಹಾಕುವ ವಿನ್‌ಫಾರ್ಮ್ಸ್ ಟೈಮರ್ ಮೇನ್ ಥ್ರೆಡ್‌ನಲ್ಲೇ ಓಡುತ್ತದೆ. ಸಿಸ್ಟಮ್ ಡಾಟ್ ಟೈಮರ್ಸ್‌ನದು ಹಾಗೇ ಬಿಟ್ಟರೆ ಬೇರೆ ಥ್ರೆಡ್‌ನಲ್ಲಿ ಓಡುತ್ತದೆ. ಹೆಸರು ಒಂದೇ, ನಡವಳಿಕೆ ಬೇರೆ.

ಕೆಲಸ ನಡೆಯುವಾಗ ಬಟನ್ ಡಿಸೇಬಲ್ ಮಾಡುವುದನ್ನು ಮರೆಯಬೇಡಿ. ಈಗ ಕಿಟಕಿ ಹ್ಯಾಂಗ್ ಆಗುವುದಿಲ್ಲವಾದ್ದರಿಂದ ಬಳಸುವವರು ಅದೇ ಬಟನ್ ಮತ್ತೆ ಒತ್ತಬಹುದು, ಕಿಟಕಿಯನ್ನೇ ಮುಚ್ಚಿಬಿಡಬಹುದು. ಕ್ಯಾನ್ಸಲೇಶನ್ ಟೋಕನ್ ಇಟ್ಟುಕೊಂಡು, ಫಾರ್ಮ್ ಮುಚ್ಚುವಾಗ ಕೆಲಸ ನಿಲ್ಲಿಸಿ.

ಇನ್ನು ಫೈಲ್ ಸಿಗದ ವಿಷಯ. ನೀವು ಬಹುಶಃ ಸೆಟ್ಟಿಂಗ್ಸ್ ಡಾಟ್ ಟಿಎಕ್ಸ್‌ಟಿ ಅಂತ ಬರೀ ಹೆಸರು ಕೊಟ್ಟು ಫೈಲ್ ತೆರೆಯುತ್ತಿದ್ದೀರಿ. ಹಾಗೆ ಕೊಟ್ಟರೆ ವಿಂಡೋಸ್ ಹುಡುಕುವುದು ಎಕ್ಸಿ ಇರುವ ಫೋಲ್ಡರ್‌ನಲ್ಲಲ್ಲ, ಆ ಕ್ಷಣದ ಕರೆಂಟ್ ಡೈರೆಕ್ಟರಿಯಲ್ಲಿ. ನೀವು ಎಕ್ಸಿ ಮೇಲೆ ಡಬಲ್ ಕ್ಲಿಕ್ ಮಾಡಿದಾಗ ಇವೆರಡೂ ಒಂದೇ ಆಗಿರುತ್ತವೆ, ಅದಕ್ಕೇ ತೊಂದರೆ ಕಾಣುವುದಿಲ್ಲ. ಶಾರ್ಟ್‌ಕಟ್‌ನಲ್ಲಿ ಸ್ಟಾರ್ಟ್ ಇನ್ ಜಾಗ ಬೇರೆ ಇದ್ದರೆ ಕಥೆ ಮುಗಿಯಿತು. ಇನ್ನೂ ವಿಚಿತ್ರ ಅಂದರೆ, ಓಪನ್ ಫೈಲ್ ಡೈಲಾಗ್‌ನಲ್ಲಿ ಬೇರೆ ಫೋಲ್ಡರ್‌ಗೆ ಹೋಗಿ ಫೈಲ್ ಆರಿಸಿದರೆ ಕರೆಂಟ್ ಡೈರೆಕ್ಟರಿ ಅಲ್ಲಿಗೆ ಬದಲಾಗಬಹುದು. ಆ್ಯಪ್ ಶುರುವಾದಾಗ ಸಿಕ್ಕಿದ್ದ ಫೈಲ್ ಹತ್ತು ನಿಮಿಷದ ಮೇಲೆ ಸಿಗದಿರುವುದು ಹೀಗೆ. ಆ್ಯಪ್ ಜೊತೆ ಕಳಿಸಿದ ಫೈಲ್ ಓದಲು ಆ್ಯಪ್ ಇರುವ ಫೋಲ್ಡರ್ ಹೇಳುವ ಆ್ಯಪ್ ಕಾಂಟೆಕ್ಸ್ಟ್ ಡಾಟ್ ಬೇಸ್ ಡೈರೆಕ್ಟರಿಯ ಕೊನೆಗೆ ಫೈಲ್ ಹೆಸರು ಜೋಡಿಸಿ. ಪಾತ್ ಡಾಟ್ ಕಂಬೈನ್ ಇರುವುದೇ ಇದಕ್ಕೆ.

ಬರೆಯುವ ಫೈಲ್ ಮಾತ್ರ ಅಲ್ಲಿ ಇಡಬೇಡಿ. ಪ್ರೋಗ್ರಾಮ್ ಫೈಲ್ಸ್ ಫೋಲ್ಡರ್‌ನಲ್ಲಿ ಸಾಮಾನ್ಯ ಬಳಕೆದಾರರಿಗೆ ಬರೆಯುವ ಅನುಮತಿ ಇರುವುದಿಲ್ಲ. ನೀವು ಬಿನ್ ಡೀಬಗ್ ಫೋಲ್ಡರ್‌ನಿಂದ ಓಡಿಸುವುದರಿಂದ ನಿಮಗೆ ಗೊತ್ತಾಗುವುದಿಲ್ಲ, ಅವರಿಗೆ ಆಕ್ಸೆಸ್ ಡಿನೈಡ್ ಬರುತ್ತದೆ. ಆ್ಯಪ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ ಅಂತ ಹೇಳುವುದು ಪರಿಹಾರ ಅಲ್ಲ. ಒಂದು ಸೆಟ್ಟಿಂಗ್ ಉಳಿಸಲು ಇಡೀ ಮಷೀನ್‌ನ ಕೀಲಿ ಕೇಳಿದಂತಾಗುತ್ತದೆ. ಬಳಕೆದಾರರ ಆ್ಯಪ್ ಡೇಟಾ ಫೋಲ್ಡರ್ ಇದೆ, ಗೆಟ್ ಫೋಲ್ಡರ್ ಪಾತ್‌ನಿಂದ ಅದರ ಜಾಗ ಕೇಳಿ, ಅಲ್ಲಿ ನಿಮ್ಮ ಆ್ಯಪ್ ಹೆಸರಿನ ಫೋಲ್ಡರ್ ಮಾಡಿಕೊಳ್ಳಿ.

ಯಾವ ಫೈಲ್‌ಗೆ ಹೋಗಿ ಸೋಲುತ್ತಿದೆ ಅಂತ ಕಣ್ಣಾರೆ ನೋಡಬೇಕಾ? ಮೈಕ್ರೊಸಾಫ್ಟ್‌ನ ಸಿಸ್‌ಇಂಟರ್ನಲ್ಸ್‌ನಲ್ಲಿ ಪ್ರೊಸೆಸ್ ಮಾನಿಟರ್ ಅಂತ ಒಂದು ಉಚಿತ ಟೂಲ್ ಇದೆ. ನಿಮ್ಮ ಎಕ್ಸಿ ಹೆಸರಿಗೆ ಫಿಲ್ಟರ್ ಹಾಕಿ ಓಡಿಸಿ. ಆ್ಯಪ್ ಮುಟ್ಟಿದ ಪ್ರತಿ ಫೈಲ್‌ನ ಪೂರ್ತಿ ಪಾತ್ ಒಂದೊಂದು ಸಾಲಾಗಿ ಬರುತ್ತದೆ, ಪಕ್ಕದಲ್ಲಿ ನೇಮ್ ನಾಟ್ ಫೌಂಡ್ ಅಥವಾ ಆಕ್ಸೆಸ್ ಡಿನೈಡ್ ಅಂತ ಫಲಿತಾಂಶವೂ ಇರುತ್ತದೆ. ಡೆಸ್ಕ್‌ಟಾಪ್ ಆ್ಯಪ್ ಬರೆಯುವ ಪ್ರತಿಯೊಬ್ಬರೂ ಇದನ್ನು ಕಲಿಯಲೇಬೇಕು ಅನ್ನೋದು ನನ್ನ ಅಭಿಪ್ರಾಯ.

ಫೈಲ್ ಇದೆ, ಆದರೆ ಇನ್ನೊಂದು ಪ್ರೊಸೆಸ್ ಬಳಸುತ್ತಿದೆ ಅನ್ನುವ ಎರರ್ ಬಂದರೆ, ಆ ಇನ್ನೊಂದು ಪ್ರೊಸೆಸ್ ಹೆಚ್ಚಿನ ಸಲ ನಿಮ್ಮ ಆ್ಯಪ್ಪೇ ಆಗಿರುತ್ತದೆ. ಇಮೇಜ್ ಡಾಟ್ ಫ್ರಮ್ ಫೈಲ್‌ನಿಂದ ಫೋಟೊ ತೋರಿಸಿದ್ದೀರಿ ಅಂದುಕೊಳ್ಳಿ. ಆ ಇಮೇಜ್ ಡಿಸ್ಪೋಸ್ ಆಗುವವರೆಗೆ, ಅಂದರೆ ಹಿಡಿದಿದ್ದನ್ನು ಬಿಡುವವರೆಗೆ, ಫೈಲ್ ಲಾಕ್ ಆಗಿಯೇ ಇರುತ್ತದೆ. ಬಳಸುವವರು ಹೊಸ ಫೋಟೊ ಆರಿಸಿ ಅದೇ ಹೆಸರಲ್ಲಿ ಉಳಿಸಲು ಹೋದರೆ ಎರರ್. ಕೆಲಸ ಮುಗಿದೊಡನೆ ಡಿಸ್ಪೋಸ್ ಮಾಡುವ ಯೂಸಿಂಗ್ ಒಳಗೆ ಫೈಲ್ ತೆರೆದು, ಅದರಿಂದ ಹೊಸ ಬಿಟ್‌ಮ್ಯಾಪ್ ಒಂದನ್ನು ಮಾಡಿಕೊಂಡು, ಆ ನಕಲನ್ನು ಪರದೆಗೆ ಕೊಡಿ. ಮೂಲ ಫೈಲ್ ತಕ್ಷಣ ಬಿಡುಗಡೆ ಆಗುತ್ತದೆ.

ಮಷೀನ್ ಸೆಟ್ಟಿಂಗ್‌ನಿಂದ ಬರುವ ತೊಂದರೆಗಳಲ್ಲಿ ನನಗೆ ತುಂಬಾ ಭಯ ಇರುವುದು ಎರರ್ ಕೊಡದವುಗಳ ಬಗ್ಗೆ. ಉದಾಹರಣೆಗೆ 1.5 ಅಂತ ಬರೆದಿರುವ ಸಾಲನ್ನು ಡಬಲ್ ಡಾಟ್ ಪಾರ್ಸ್‌ಗೆ ಕೊಡಿ. ನಿಮ್ಮಲ್ಲಿ ಒಂದೂವರೆ ಬರುತ್ತದೆ. ವಿಂಡೋಸ್‌ನ ಪ್ರಾದೇಶಿಕ ಸೆಟ್ಟಿಂಗ್ ಜರ್ಮನ್ ಆಗಿರುವ ಮಷೀನ್‌ನಲ್ಲಿ ಅದೇ ಕೋಡ್ 15 ಕೊಡುತ್ತದೆ. ಅಲ್ಲಿ ದಶಮಾಂಶಕ್ಕೆ ಅಲ್ಪವಿರಾಮ, ಸಾವಿರ ಬೇರ್ಪಡಿಸಲು ಚುಕ್ಕೆ. ಎಕ್ಸೆಪ್ಶನ್ (ಓಡುವಾಗ ಏಳುವ ಎರರ್) ಇಲ್ಲ, ಲಾಗ್ ಇಲ್ಲ, ಲೆಕ್ಕ ಮಾತ್ರ ಹತ್ತು ಪಟ್ಟು ತಪ್ಪು. ದಿನಾಂಕದ್ದೂ ಇದೇ ಪಾಡು, 03/04 ಅಂದರೆ ಒಬ್ಬರಿಗೆ ಏಪ್ರಿಲ್ 3, ಇನ್ನೊಬ್ಬರಿಗೆ ಮಾರ್ಚ್ 4. ನಿಯಮ ಸರಳ: ಮನುಷ್ಯರಿಗೆ ತೋರಿಸುವಾಗ ಅವರ ಸೆಟ್ಟಿಂಗ್, ಫೈಲ್‌ಗೆ ಬರೆಯುವಾಗ ಮತ್ತು ಓದುವಾಗ ಎಲ್ಲ ಮಷೀನ್‌ನಲ್ಲೂ ಒಂದೇ ಆಗಿರುವ ಇನ್ವೇರಿಯಂಟ್ ಕಲ್ಚರ್.

ಕನ್ನಡ ಅಕ್ಷರ ಪ್ರಶ್ನಾರ್ಥಕ ಚಿಹ್ನೆಗಳಾಗುವುದೂ ಇದೇ ಗುಂಪಿಗೆ ಸೇರಿದ್ದು. ವಿಂಡೋಸ್‌ನಲ್ಲಿ ಕನ್ನಡಕ್ಕೆ ಹಳೆಯ ಆನ್ಸಿ ಕೋಡ್ ಪೇಜ್ (ಯೂನಿಕೋಡ್‌ಗಿಂತ ಮುಂಚಿನ ಅಕ್ಷರಪಟ್ಟಿ) ಇಲ್ಲ, ಯೂನಿಕೋಡ್ ಮಾತ್ರ. ಹಾಗಾಗಿ ಫೈಲ್ ಓದುವಾಗ, ಬರೆಯುವಾಗ ಯುಟಿಎಫ್ 8 ಅಂತ ನೀವೇ ಹೇಳಿ. ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್ ಆದರೆ ಕಾಲಮ್ ಯೂನಿಕೋಡ್ ಹಿಡಿಯುವ ಎನ್‌ವಾರ್‌ಚಾರ್ ಇರಲಿ, ಕ್ವೆರಿಗೆ ಪ್ಯಾರಾಮೀಟರ್ ಬಳಸಿ. ಪ್ಯಾರಾಮೀಟರ್ ಬಳಸಿದರೆ ಹೆಸರಿನಲ್ಲಿ ಅಪಾಸ್ಟ್ರಫಿ ಬಂದು ಕ್ವೆರಿ ಮುರಿಯುವುದೂ ತಪ್ಪುತ್ತದೆ.

ಡಿಎಲ್‌ಎಲ್ (ಆ್ಯಪ್ ಬಳಸುವ ಕೋಡ್ ಇರುವ ಬೇರೆ ಫೈಲ್) ಲೋಡ್ ಆಗುವಾಗ ಬ್ಯಾಡ್ ಇಮೇಜ್ ಫಾರ್ಮ್ಯಾಟ್ ಅಂತ ಬಂದರೆ 32 ಬಿಟ್, 64 ಬಿಟ್ ಬೆರೆತಿದೆಯಾ ಅಂತ ಮೊದಲು ನೋಡಿ. ಹೆಚ್ಚಿನ ಸಲ ಅದೇ ಕಾರಣ.

ಕೊನೆಗೆ ಏನೂ ಹೇಳದೆ ಮುಚ್ಚಿಕೊಳ್ಳುವುದು. ನಿಮ್ಮ ಕೋಡ್‌ನಲ್ಲಿ ಖಾಲಿ ಕ್ಯಾಚ್ ಬ್ಲಾಕ್‌ಗಳಿವೆ ಅಂತ ನೀವೇ ಬರೆದಿದ್ದೀರಿ. ಮೊದಲು ಅವನ್ನು ತೆಗೆಯಿರಿ. ಖಾಲಿ ಕ್ಯಾಚ್ ತೊಂದರೆಯನ್ನು ಸರಿ ಮಾಡುವುದಿಲ್ಲ, ಮುಚ್ಚಿಹಾಕುತ್ತದೆ. ಅಲ್ಲಿ ಆದ ಎಡವಟ್ಟು ನೂರು ಸಾಲು ಆಚೆ ನಲ್ ರೆಫರೆನ್ಸ್ ಆಗಿ ಬಂದು ನಿಮ್ಮನ್ನು ದಾರಿ ತಪ್ಪಿಸುತ್ತದೆ. ಅಸಿಂಕ್ ವಾಯ್ಡ್ (ಏನನ್ನೂ ವಾಪಸ್ ಕೊಡದ) ಫಂಕ್ಷನ್‌ಗಳನ್ನೂ ಹುಡುಕಿ. ಅವುಗಳಿಂದ ಬರುವ ಎಕ್ಸೆಪ್ಶನ್ ಅನ್ನು ಕರೆದವರು ಹಿಡಿಯಲು ಆಗುವುದಿಲ್ಲ. ಬಟನ್ ಕ್ಲಿಕ್‌ನಂಥ ಇವೆಂಟ್ ಹ್ಯಾಂಡ್ಲರ್ ಬಿಟ್ಟು ಬೇರೆಲ್ಲೂ ಅಸಿಂಕ್ ವಾಯ್ಡ್ ಬೇಡ, ಟಾಸ್ಕ್ ವಾಪಸ್ ಕೊಡಿ. ಆ ಹ್ಯಾಂಡ್ಲರ್ ಒಳಗೂ ಟ್ರೈ ಕ್ಯಾಚ್ ಇರಲಿ, ಕ್ಯಾಚ್‌ನಲ್ಲಿ ಲಾಗ್ ಬರೆಯಿರಿ.

ಆಮೇಲೆ ಮೇನ್ ಫಂಕ್ಷನ್‌ನಲ್ಲೇ ಎರಡು ಇವೆಂಟ್‌ಗೆ ಹ್ಯಾಂಡ್ಲರ್ ಹಾಕಿ: ಅಪ್ಲಿಕೇಶನ್ ಡಾಟ್ ಥ್ರೆಡ್ ಎಕ್ಸೆಪ್ಶನ್ ಮತ್ತು ಆ್ಯಪ್ ಡೊಮೈನ್‌ನ ಅನ್‌ಹ್ಯಾಂಡಲ್ಡ್ ಎಕ್ಸೆಪ್ಶನ್. ಎರಡರಲ್ಲೂ ಎಕ್ಸೆಪ್ಶನ್ ಅನ್ನು ಟು ಸ್ಟ್ರಿಂಗ್ ಮಾಡಿ ಪೂರ್ತಿಯಾಗಿ ಲಾಗ್ ಫೈಲ್‌ಗೆ ಬರೆಯಿರಿ. ಬರೀ ಮೆಸೇಜ್ ಬರೆದರೆ ಸ್ಟ್ಯಾಕ್ ಟ್ರೇಸ್ (ಎರರ್ ಎದ್ದ ಜಾಗದವರೆಗಿನ ಫಂಕ್ಷನ್‌ಗಳ ಪಟ್ಟಿ), ಒಳಗಿನ ಇನ್ನರ್ ಎಕ್ಸೆಪ್ಶನ್ ಎರಡೂ ಹೋಗುತ್ತವೆ, ನಿಜವಾದ ಕಾರಣ ಅಲ್ಲೇ ಇರುವುದು. ಡೀಬಗ್ ಮಾಹಿತಿ ಇರುವ ಪಿಡಿಬಿ ಫೈಲ್ ಜೊತೆಗಿದ್ದರೆ ಸಾಲಿನ ಸಂಖ್ಯೆಯೂ ಸಿಗುತ್ತದೆ. ಈಗಾಗಲೇ ಆಗಿರುವ ಕ್ರ್ಯಾಶ್‌ಗೆ ಅವರ ಮಷೀನ್‌ನಲ್ಲಿ ಇವೆಂಟ್ ವ್ಯೂವರ್ ತೆರೆದು, ಅಪ್ಲಿಕೇಶನ್ ಲಾಗ್‌ನಲ್ಲಿ ಡಾಟ್ ನೆಟ್ ರನ್‌ಟೈಮ್ ಹೆಸರಿನ ಎರರ್ ಇದೆಯಾ ನೋಡಲು ಹೇಳಿ.

ಬಹಳ ಹೊತ್ತು ಬಳಸಿದ ಮೇಲೇ ಬೀಳುತ್ತದೆ ಅಂದರೆ ಬೇರೆ ಕಡೆ ನೋಡಬೇಕು. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಟ್ಯಾಬ್‌ನಲ್ಲಿ ಜಿಡಿಐ ಆಬ್ಜೆಕ್ಟ್ಸ್, ಯೂಸರ್ ಆಬ್ಜೆಕ್ಟ್ಸ್ ಕಾಲಮ್‌ಗಳನ್ನು (ಚಿತ್ರ ಬಿಡಿಸಲು, ಕಿಟಕಿಗಳಿಗೆ ಆ್ಯಪ್ ಹಿಡಿದಿರುವ ವಸ್ತುಗಳ ಎಣಿಕೆ) ಸೇರಿಸಿ, ಒಂದೇ ಫಾರ್ಮ್ ಅನ್ನು ಹಲವು ಸಲ ತೆರೆದು ಮುಚ್ಚಿ. ಸಂಖ್ಯೆ ಏರುತ್ತಲೇ ಹೋದರೆ ಸೋರಿಕೆ ಇದೆ. ಒಂದು ಪ್ರೊಸೆಸ್‌ಗೆ ಮಾಮೂಲಿ ಮಿತಿ ತಲಾ 10,000, ಅದು ಮುಟ್ಟಿದಾಗ ಆ್ಯಪ್ ಏನೇನೋ ವಿಚಿತ್ರ ಎರರ್ ಕೊಟ್ಟು ಬೀಳುತ್ತದೆ. ಶೋ ಡೈಲಾಗ್‌ನಿಂದ ತೆರೆದ ಫಾರ್ಮ್ ಮುಚ್ಚಿದರೂ ತಾನಾಗಿ ಡಿಸ್ಪೋಸ್ ಆಗುವುದಿಲ್ಲ, ಅದನ್ನು ಯೂಸಿಂಗ್ ಒಳಗೆ ಇಡಿ. ಸ್ಟ್ಯಾಟಿಕ್ ಇವೆಂಟ್‌ಗೆ ಸೇರಿಸಿದ ಹ್ಯಾಂಡ್ಲರ್ ತೆಗೆಯದಿದ್ದರೆ ಇಡೀ ಫಾರ್ಮ್ ಮೆಮೊರಿಯಲ್ಲೇ ಉಳಿಯುತ್ತದೆ.

ಹೊಸ ಆವೃತ್ತಿ ಕಳಿಸುವ ಮುಂಚೆ ವಿಂಡೋಸ್ ಸ್ಯಾಂಡ್‌ಬಾಕ್ಸ್‌ನಲ್ಲಿ (ವಿಂಡೋಸ್ ಒಳಗೇ ತೆರೆಯುವ ಹೊಚ್ಚ ಹೊಸ ವಿಂಡೋಸ್) ಒಮ್ಮೆ ಓಡಿಸಿ. ವಿಂಡೋಸ್ 10 ಮತ್ತು 11ರ ಪ್ರೊ ಆವೃತ್ತಿಯಲ್ಲಿ ಇದೆ, ವಿಂಡೋಸ್ ಫೀಚರ್ಸ್‌ನಲ್ಲಿ ಆನ್ ಮಾಡಬೇಕು. ನೀವು ಹಾಕಿಕೊಂಡಿರುವ ಯಾವ ಟೂಲೂ ಅಲ್ಲಿ ಇರುವುದಿಲ್ಲ. ಬಿಟ್ಟುಹೋದ ಡಿಎಲ್‌ಎಲ್, ಇಲ್ಲದ ರನ್‌ಟೈಮ್ ಅಲ್ಲೇ ಗೊತ್ತಾಗುತ್ತವೆ. ಅನುಮತಿಯ ತೊಂದರೆ ಮಾತ್ರ ಅಲ್ಲಿ ಕಾಣುವುದಿಲ್ಲ, ಯಾಕೆಂದರೆ ಸ್ಯಾಂಡ್‌ಬಾಕ್ಸ್ ಬಳಕೆದಾರರಿಗೆ ಅಡ್ಮಿನ್ ಹಕ್ಕು ಇರುತ್ತದೆ. ಅದಕ್ಕೆ ನಿಮ್ಮದೇ ಮಷೀನ್‌ನಲ್ಲಿ ಒಂದು ಸಾಮಾನ್ಯ ಬಳಕೆದಾರರ ಖಾತೆ ಮಾಡಿಕೊಂಡು ಪರೀಕ್ಷಿಸಿ.

ಲಾಗ್ ಸೇರಿಸಿ ಕಳಿಸಿದ ಮೇಲೂ ಆ್ಯಪ್ ಮುಚ್ಚಿಕೊಂಡರೆ, ಸ್ಟ್ಯಾಕ್ ಟ್ರೇಸ್ ಅನ್ನು ಪೂರ್ತಿಯಾಗಿ ಇಲ್ಲೇ ಪ್ರಶ್ನೆಗೆ ಸೇರಿಸಿ. ಡಾಟ್ ನೆಟ್‌ನ ಯಾವ ಆವೃತ್ತಿ, 32 ಬಿಟ್ಟಾ 64 ಬಿಟ್ಟಾ, ಬೀಳುವ ಮುಂಚೆ ಅವರು ಯಾವ ಬಟನ್ ಒತ್ತಿದ್ದರು ಅನ್ನೋದನ್ನೂ ಬರೆಯಿರಿ. ನೋಡಿ ಹೇಳುತ್ತೇನೆ.